ಚಾಲಿಯಾರಿನ ಲೆಕ್ಕ

ನಮ್ಮ ವೈನಾಡಿನಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಮೂಡಲಿಗೆ ಹರಿದ ನೀರು ಕಪಿಲೆಯಾಗಿ ಕನ್ನಡನಾಡನ್ನು ಹೊಕ್ಕು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಪ್ಪಾಡಿಯ ಕಡೆಯ ಇಳಿಜಾರುಗಳಲ್ಲಿ ಬಿದ್ದ ನೀರು ಕಣಿವೆಗೆ ಧುಮುಕಿ ಚಾಲಿಯಾರಿನ ಪಾಲಾಗುತ್ತದೆ. ಮನೆಯೊಳಗೆ ಕನ್ನಡವನ್ನೂ ಹೊಸ್ತಿಲಾಚೆ ಮಲೆಯಾಳವನ್ನೂ ಆಡುತ್ತ ತಲೆಮಾರುಗಳಿಂದ ಇಲ್ಲಿ ನೆಲೆಸಿರುವ ನಮಗೆ ಕಪಿಲೆಯ ವಿಷಯದಲ್ಲಿ ಅಭಿಮಾನ ಹೆಚ್ಚು. ಅದು ನಮ್ಮ ನುಡಿಯ ನಾಡಿಗೆ ಹೋಗುವ ಹೊಳೆ. ಚಾಲಿಯಾರು ಮಾತ್ರ ಬೆಟ್ಟದ ಬೆನ್ನಿನಾಚೆ ಇಳಿದು ಯಾರದೋ ಊರಿಗೆ ಹೋಗುವ ಹೊಳೆಯೆಂಬ ಭಾವನೆ ನಮ್ಮಲ್ಲಿದೆ. ಆದುದರಿಂದಲೇ ಇರಬೇಕು, ನಮ್ಮ ಸಂಘದ ಈ ಪತ್ರಿಕೆಯಲ್ಲಿ ಕಪಿಲೆಯ ಮೇಲೆ ಎಷ್ಟೋ ಬರಹಗಳು ಬಂದಿದ್ದರೂ ಚಾಲಿಯಾರಿನ ಮೇಲೆ ಒಂದೂ ಬಂದಂತಿಲ್ಲ. ಆ ಕೊರತೆಯನ್ನು ಕೊಂಚಮಟ್ಟಿಗೆ ತುಂಬುವುದು ಈ ಲೇಖನದ ಒಂದು ಉದ್ದೇಶ. ಇನ್ನೊಂದು ಉದ್ದೇಶವೂ ಉಂಟು. ಅದನ್ನು ಕಡೆಯಲ್ಲಿ ವಾಚಕರಿಗೆ ಅರಿಕೆ ಮಾಡಿಕೊಳ್ಳುತ್ತೇವೆ.

ಚಾಲಿಯಾರು ಹುಟ್ಟುವುದು ವೈನಾಡು ಮತ್ತು ನೀಲಗಿರಿಗಳ ಗಡಿಯಲ್ಲಿರುವ ಎಳಂಬಲೇರಿ ಬೆಟ್ಟಗಳಲ್ಲಿ. ಅದರ ಉದ್ದ 169 ಕಿಲೋಮೀಟರು. ನೀಲಗಿರಿಯ ಪಡುವಣ ಮಗ್ಗುಲಿನಿಂದ ಇಳಿಯುವ ಪುನ್ನಪುಳೆ, ಕರಿಂಪುಳೆ ಮೊದಲಾದ ಹೊಳೆಗಳನ್ನು ಕೂಡಿಸಿಕೊಂಡು ನಿಲಂಬೂರಿನ ಕಾಡು, ಎಡವಣ್ಣ, ಅರೀಕೋಡು, ಮಾವೂರು, ಫರೂಕುಗಳನ್ನು ಹಾದು ಬೇಪೂರಿನಲ್ಲಿ ಅದು ಕಡಲನ್ನು ಸೇರುತ್ತದೆ. ರೈಲು ರಸ್ತೆಗಳು ಬರುವುದಕ್ಕೆ ಮೊದಲು ಈ ಸೀಮೆಯ ಹೆದ್ದಾರಿಯೆಂದರೆ ಈ ಹೊಳೆಯೇ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರನಾಗಿದ್ದ ಕೊನೊಲಿ ನಿಲಂಬೂರಿನಲ್ಲಿ ತೇಗದ ತೋಪುಗಳನ್ನು ಹಾಕಿಸಿದುದು ಪ್ರಸಿದ್ಧವಾದ ಸಂಗತಿ. ಅಲ್ಲಿ ಕಡಿದ ದಿಮ್ಮಿಗಳನ್ನು ತೆಪ್ಪ ಕಟ್ಟಿ ಇದೇ ನೀರಿನಲ್ಲಿ ತೇಲಿಬಿಡುತ್ತಿದ್ದರು. ಕಲ್ಲಾಯಿಯ ಮರದ ಅಂಗಳಗಳೂ ಬೇಪೂರಿನ ಹಡಗು ಕಟ್ಟುವ ಆಚಾರಿಗಳೂ ಆ ಮರವನ್ನು ನೆಚ್ಚಿ ಬಾಳಿದವರು. ದೋಣಿ ನಡೆಸುವವರು, ಬಲೆ ಬೀಸುವವರು, ಚಿಪ್ಪು ಆಯುವವರು, ಮರಳು ತೆಗೆಯುವವರು, ದಂಡೆಯಲ್ಲಿ ಬಾಳೆ ತೆಂಗು ಬೆಳೆಯುವವರು, ಹೀಗೆ ಹೊಳೆಯೊಂದು ಎಷ್ಟು ಒಲೆಗಳನ್ನು ಉರಿಸುತ್ತಿತ್ತೆಂಬುದನ್ನು ಯಾರೂ ಎಣಿಸಿರಲಿಲ್ಲ. ಎಣಿಸುವ ಅಗತ್ಯವೇ ಬಿದ್ದಿರಲಿಲ್ಲ. ಮುಂದೆ ನಡೆದ ಕಥೆಯೆಲ್ಲ ಈ ಎಣಿಸದೆ ಬಿಟ್ಟುದರ ಕಥೆಯೇ ಆಗಿದೆ.

1956ರ ನವಂಬರ್ 1ರಂದು ಕೇರಳ ರಾಜ್ಯ ಹುಟ್ಟಿತು. ಅದುವರೆಗೆ ಮದರಾಸು ಪ್ರಾಂತದ ಜಿಲ್ಲೆಯಾಗಿದ್ದ ಮಲಬಾರಿನಲ್ಲಿ ಹಂಚಿನ ಕಾರ್ಖಾನೆ, ಮರ ಕೊಯ್ಯುವ ಮಿಲ್ಲುಗಳನ್ನು ಬಿಟ್ಟರೆ ಹೇಳಿಕೊಳ್ಳುವಂತಹ ದೊಡ್ಡ ಉದ್ಯಮ ವಿರಳ. ಓದಿದವರು ಹೆಚ್ಚು, ಕೆಲಸ ಕಡಿಮೆ. 1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಮುಖಂಡತ್ವದಲ್ಲಿ ಅಧಿಕಾರಕ್ಕೆ ಬಂದ ಸರಕಾರ ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ಸ್ ಕಂಪನಿಯನ್ನು ಮಲಬಾರಿಗೆ ಆಹ್ವಾನಿಸಿತು. 1947ರಲ್ಲಿ ಸ್ಥಾಪಿತವಾಗಿದ್ದ ಆ ಕಂಪನಿಗೆ ಕೃತಕ ರೇಷ್ಮೆಯ ಎಳೆಗೆ ಬೇಕಾದ ತಿರುಳನ್ನು ಒದಗಿಸುವ ಮರ ಬೇಕಾಗಿತ್ತು. ಸರಕಾರಕ್ಕೆ ಜನರಿಗೆ ಕೊಡಲು ಉದ್ಯೋಗ ಬೇಕಾಗಿತ್ತು. ಬಂಡವಾಳಗಾರರ ಕಡುವಿರೋಧಿಗಳೆನಿಸಿದ್ದ ಪಕ್ಷದವರು ದೇಶದ ಬಹು ದೊಡ್ಡ ಬಂಡವಾಳಗಾರರಲ್ಲಿ ಒಬ್ಬರನ್ನು ಕರೆದುದನ್ನು ಕಂಡು ಅಂದು ಹಲವರು ಹುಬ್ಬೇರಿಸಿದರು. ಆದರೆ ಉದ್ದೇಶ ಕೆಟ್ಟದ್ದೆಂದು ನಾವು ಹೇಳಲಾರೆವು. ಹಸಿದ ನಾಡಿಗೆ ಅನ್ನ ತರಬೇಕೆಂಬುದೇ ಆ ಉದ್ದೇಶವಾಗಿತ್ತು.

1958ರಲ್ಲಿ ಒಡಂಬಡಿಕೆ ಆಯಿತು. ಅದರ ಒಂದು ಕರಾರನ್ನು ಮಾತ್ರ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾರ್ಖಾನೆಗೆ ಬೇಕಾದ ಬಿದಿರನ್ನು ಸರಕಾರೀ ಕಾಡುಗಳಿಂದ ಟನ್ನಿಗೆ 1 ರೂಪಾಯಿಯಂತೆ ಕೊಡುವುದೆಂದು ನಿಶ್ಚಯವಾಯಿತು. ಟನ್ನೆಂದರೆ ಸಾವಿರ ಕಿಲೋಗ್ರಾಂ. ಈ ಸಂಗತಿಯನ್ನು ನಮ್ಮ ತರಗತಿಯ ಮಕ್ಕಳಿಗೆ ಲೆಕ್ಕವಾಗಿ ಹಾಕಿದಾಗ, ಕಪ್ಪು ಹಲಗೆಯ ಮೇಲೆ ಸೊನ್ನೆಗಳನ್ನು ಬರೆಯಲು ನಾವು ಮರೆತಿರಬೇಕೆಂದು ಅವರು ಭಾವಿಸಿದರು. ಕಾಡಿನ ಅಂಚಿನಲ್ಲಿ ಬಿದಿರು ಸೀಳಿ ಬುಟ್ಟಿ, ಮೊರ, ತಟ್ಟಿ ಹೆಣೆದು ಬಾಳುವ ಜನ ನಮ್ಮಲ್ಲಿದ್ದಾರೆ; ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬೆಟ್ಟಕುರುಮರು ಅವರಲ್ಲಿ ಸೇರಿದವರು. ಅವರಿಗೆ ಆ ದರ ಅನ್ವಯಿಸಲಿಲ್ಲ.

ವೈನಾಡು ನಿಲಂಬೂರುಗಳ ಬಿದಿರು ಘಟ್ಟ ಇಳಿಯತೊಡಗಿತು. ಬಿದಿರು ಹೇರಿದ ಲಾರಿಗಳು ಸಾಲುಗಟ್ಟಿ ತಾಮರಶ್ಶೇರಿ ಘಾಟಿಯ ತಿರುವುಗಳನ್ನು ಇಳಿಯುತ್ತಿದ್ದ ದೃಶ್ಯವನ್ನು ನಮ್ಮ ಹಿರಿಯರು ಇಂದಿಗೂ ಬಣ್ಣಿಸುತ್ತಾರೆ. ಕಡಿದು ಹೇರಿದವರಿಗೆ ದಿನಗೂಲಿ ದೊರೆಯಿತು. ಮೆಳೆಗಳು ಖಾಲಿಯಾದ ಎಡೆಗಳಲ್ಲಿ ನೀಲಗಿರಿ ಮರದ ತೋಪುಗಳು ಎದ್ದವು. ಆದುದರಿಂದ ಮಾವೂರಿನ ಕಥೆ ಕೆಳಗಿನವರ ಕಥೆ ಮಾತ್ರವಲ್ಲ. ಕಾರ್ಖಾನೆ ಕುಡಿದ ನೀರೂ ತಿಂದ ಬಿದಿರೂ ನಮ್ಮ ಬೆಟ್ಟಗಳವು.

ಕಾಡಿನ ಬಗೆಗೆ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಬೇಕಾದಷ್ಟು ಕಚ್ಚಾ ಮಾಲನ್ನು ಒದಗಿಸಲು ತನ್ನಿಂದಾಗದೆಂದು ಕಂಡ ಸರಕಾರ, ಕಂಪನಿ ತಾನೇ ಕಾಡನ್ನು ಕೊಂಡರೆ 60 ವರ್ಷಗಳವರೆಗೆ ಖಾಸಗಿ ಕಾಡುಗಳನ್ನು ವಶಪಡಿಸಿಕೊಳ್ಳುವ ಶಾಸನವನ್ನು ತರುವುದಿಲ್ಲವೆಂದು ಮಾತು ಕೊಟ್ಟಿತು. ಆ ಮಾತನ್ನು ನಂಬಿ ಕಂಪನಿ ನಿಲಂಬೂರು ಕೋವಿಲಗದವರಿಂದ 30,000 ಎಕರೆ ಕಾಡನ್ನು 75 ಲಕ್ಷ ರೂಪಾಯಿಗಳಿಗೆ ಕೊಂಡಿತು. ಆದರೆ 1971ರಲ್ಲಿ ಶಾಸನಸಭೆ ಖಾಸಗಿ ಕಾಡುಗಳನ್ನು ಸರಕಾರಕ್ಕೆ ಸೇರಿಸುವ ಕಾಯಿದೆ ಮಾಡಿತು. ಕಂಪನಿ ವ್ಯಾಜ್ಯ ಹೂಡಿತು. ಸರಕಾರ ಕೊಟ್ಟ ಮಾತು ಜನಹಿತಕ್ಕಾಗಿ ಶಾಸನ ಮಾಡುವ ಅಧಿಕಾರವನ್ನು ಕಟ್ಟಿಹಾಕಲಾರದೆಂದು ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಅಂದರೆ, ಮನಸ್ಸು ಮಾಡಿದರೆ ಸರಕಾರವು ಅದೇ ಕಂಪನಿಯ ಎದುರು ನಿಂತು ಗೆಲ್ಲಬಲ್ಲದಾಗಿತ್ತು. ಕಾಡಿನ ವಿಷಯದಲ್ಲಿ ಮಾಡಿದ ಮನಸ್ಸನ್ನು ನೀರಿನ ವಿಷಯದಲ್ಲಿ ಅದು ಮಾಡಲಿಲ್ಲ. ಕಾಡಿಗೆ ಎಕರೆಯ ಲೆಕ್ಕವಿತ್ತು, ರೂಪಾಯಿಯ ಬೆಲೆಯಿತ್ತು. ಹರಿಯುವ ನೀರಿಗೆ ಯಾವ ಲೆಕ್ಕವೂ ಇರಲಿಲ್ಲ.

1963ರಲ್ಲಿ ಮಾವೂರಿನ ಕಾರ್ಖಾನೆ ತಿರುಳು ತೆಗೆಯಲು ಪ್ರಾರಂಭಿಸಿತು. ಕೆಲವು ವರ್ಷಗಳ ತರುವಾಯ ಎಳೆ ತೆಗೆಯುವ ವಿಭಾಗವೂ ಬಂದಿತು. ಬಿದಿರು ರೇಷ್ಮೆಯಾಗುವ ಬಗೆಯನ್ನು ಅರಿಯದೆ ಹೊಳೆಗೆ ಏನಾಯಿತೆಂಬುದು ತಿಳಿಯುವುದಿಲ್ಲವಾಗಿ ಅದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಬಿದಿರನ್ನು ಚೂರುಮಾಡಿ ಕ್ಷಾರದ ದ್ರವದಲ್ಲಿ ಮುಚ್ಚಿದ ಹಂಡೆಗಳಲ್ಲಿ ಒತ್ತಡ ಹಾಕಿ ಬೇಯಿಸುತ್ತಾರೆ. ನಾರುಗಳನ್ನು ಅಂಟಿನಂತೆ ಹಿಡಿದಿರುವ ಲಿಗ್ನಿನ್ ಎಂಬ ಪದಾರ್ಥ ಕರಗಿ ಕಪ್ಪು ದ್ರವವಾಗಿ ಬೇರ್ಪಡುತ್ತದೆ. ಉಳಿದ ತಿರುಳನ್ನು ಕ್ಲೋರೀನಿನಿಂದ ಬಿಳುಪು ಮಾಡಿ ತೊಳೆಯುತ್ತಾರೆ. ಎಳೆಯ ವಿಭಾಗದಲ್ಲಿ ಆ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಕೂಡಿಸಿ ಜೇನಿನಂತಹ ಪಾಕ ಮಾಡುತ್ತಾರೆ. ಆ ಪಾಕವನ್ನು ಕೂದಲೆಳೆಯಷ್ಟು ಸಣ್ಣ ರಂಧ್ರಗಳಿಂದ ಗಂಧಕಾಮ್ಲವೂ ಸತುವಿನ ಲವಣವೂ ಕೂಡಿದ ತೊಟ್ಟಿಯೊಳಕ್ಕೆ ಒತ್ತಿದಾಗ ಅದು ಗಟ್ಟಿಯಾಗಿ ಹೊಳೆಯುವ ಎಳೆಯಾಗುತ್ತದೆ. ಪ್ರತಿಯೊಂದು ಹಂತದಲ್ಲಿಯೂ ನೀರು ಬೇಕು. ಪ್ರತಿಯೊಂದು ಹಂತದಿಂದಲೂ ಕೊಳೆನೀರು ಹೊರಬೀಳುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಗಾಳಿಯೂ ಅದರ ಜತೆಗೇ ಹೊರಡುತ್ತದೆ.

ಕಾರ್ಖಾನೆ ಹೊಳೆಯ ದಂಡೆಯಲ್ಲಿಯೇ ಇತ್ತು. ಶುದ್ಧ ನೀರನ್ನು ಹೊಳೆಯಿಂದ ಎತ್ತಿ, ಕೊಳೆನೀರನ್ನು ಹೊಳೆಗೇ ಬಿಡುತ್ತಿದ್ದರು. ಅಂತಹ ನೀರಿನಲ್ಲಿರುವ ಸಾವಯವ ಕಲ್ಮಷವನ್ನು ಸೂಕ್ಷ್ಮ ಜೀವಿಗಳು ತಿಂದು ಕೊಳೆಸುವಾಗ, ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಅವು ಬಳಸಿಕೊಂಡುಬಿಡುತ್ತವೆ. ಮೀನುಗಳು ನೀರಿನೊಳಗೇ ಉಸಿರುಗಟ್ಟಿ ಸಾಯುತ್ತವೆ. ಮಳೆಗಾಲದಲ್ಲಿ ಪ್ರವಾಹವು ಕೊಳಕನ್ನು ಕಡಲಿಗೆ ಒಯ್ಯುತ್ತದೆ. ಬೇಸಗೆಯಲ್ಲಿ ಹೊಳೆ ಬಡವಾದಾಗ, ಕೆಳಗಿನಿಂದ ಭರತದ ನೀರು ಒತ್ತಿ ಬರುವಾಗ, ಕೊಳಕು ಎತ್ತಲೂ ಹೋಗಲಾರದೆ ಊರುಗಳ ಎದುರಿನಲ್ಲಿಯೇ ನಿಲ್ಲುತ್ತದೆ. ಹೊಳೆಯ ಆಚೆ ದಂಡೆಯಲ್ಲಿ, ಇಂದು ಮಲಪ್ಪುರಂ ಜಿಲ್ಲೆಗೆ ಸೇರಿರುವ ವಾಳಕ್ಕಾಡಿನ ಜನರು ಇದನ್ನು ಮೊದಲು ಕಂಡರು. ಕಾರ್ಖಾನೆಯ ಸೈರನ್ನು ಅವರಿಗೂ ಕೇಳಿಸುತ್ತಿತ್ತು. ಅವರ ಪೈಕಿಯವರೂ ದೋಣಿ ದಾಟಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಸಂಬಳ ತರುವ ಹೊಳೆಯೇ ಸತ್ತ ಮೀನನ್ನೂ ತರುತ್ತಿತ್ತು.

ಪ್ರತಿಭಟನೆ ತಡವಾಗಿ ಹುಟ್ಟಿದುದಲ್ಲ. ಕಾರ್ಖಾನೆ ಪ್ರಾರಂಭವಾದ 1963ರಲ್ಲಿಯೇ ಜನರು ದೂರು ಹೇಳಿದರು. ಅವರಿಗೆ ದೊರೆತ ಪರಿಹಾರವೆಂದರೆ ಕೊಳವೆ. ಕೊಳೆನೀರನ್ನು ಇನ್ನಷ್ಟು ಕೆಳಗೆ ಒಯ್ದು ಬಿಡುವುದು. ಇದರಲ್ಲಿರುವ ತಪ್ಪನ್ನು ನಾಲ್ಕನೆಯ ತರಗತಿಯ ಮಗುವೂ ಹೇಳಬಲ್ಲುದು. ಕೊಳವೆ ಕೊಳಕನ್ನು ಕಳೆಯುವುದಿಲ್ಲ, ಒಂದು ಊರಿನ ಲೆಕ್ಕದಿಂದ ತೆಗೆದು ಇನ್ನೊಂದು ಊರಿನ ಲೆಕ್ಕಕ್ಕೆ ಬರೆಯುತ್ತದೆ.

1974ನೆಯ ವರ್ಷ ಎರಡು ಕಾರಣಗಳಿಂದ ಗಣನೀಯವಾದುದು. ಆ ವರ್ಷ ಲೋಕಸಭೆ ರಾಜ್ಯಸಭೆಗಳು ಅಂಗೀಕರಿಸಿದ ಜಲಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣದ ಕಾಯಿದೆ ಮಾರ್ಚ್ 23ರಂದು ಜಾರಿಗೆ ಬಂದಿತು. ನೀರು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದುದರಿಂದ, ಹನ್ನೆರಡು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಬೇಡಿಕೊಂಡ ಮೇಲೆಯೇ ಈ ಕಾಯಿದೆ ಆದುದು. ಆ ಹನ್ನೆರಡರಲ್ಲಿ ಕೇರಳವೂ ಕರ್ನಾಟಕವೂ ಸೇರಿದ್ದವು. ಮಂಡಳಿಯ ಸಮ್ಮತಿಯಿಲ್ಲದೆ ಯಾವ ಕಾರ್ಖಾನೆಯೂ ಕೊಳೆನೀರನ್ನು ಹೊಳೆಗೆ ಬಿಡಕೂಡದೆಂದು ಅದರಿಂದ ವಿಧಿಸಲ್ಪಟ್ಟಿತು. ಅದೇ ವರ್ಷ ತ್ರಿಶೂರಿನ ರಾಮನಿಲಯಂ ಎಂಬ ಸರಕಾರೀ ಅತಿಥಿಗೃಹದಲ್ಲಿ ಚಾಲಿಯಾರಿನ ಮಾಲಿನ್ಯವನ್ನು ಕುರಿತು ಒಂದು ಒಡಂಬಡಿಕೆಯೂ ಆಯಿತು. ಕಾಯಿದೆ ಇತ್ತು, ಒಡಂಬಡಿಕೆ ಇತ್ತು, ಸಹಿಗಳಿದ್ದವು. ಆದರೂ ಮುಂದಿನ ಇಪ್ಪತ್ತೈದು ವರ್ಷ ಚಳವಳಿ ನಡೆಯಿತೆಂದರೆ, ಆ ಕಾಗದಗಳು ಎಷ್ಟರಮಟ್ಟಿಗೆ ಹೊಳೆಯನ್ನು ಮುಟ್ಟಿದವೆಂಬುದನ್ನು ವಾಚಕರೇ ಊಹಿಸಬಹುದು. 1962ರಲ್ಲಿ ಸ್ಥಾಪಿತವಾಗಿದ್ದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಹೊಳೆಯ ನೀರನ್ನು ಅಭ್ಯಸಿಸಿ ಜನರಿಗೆ ತಿಳಿಯುವ ಮಲೆಯಾಳದಲ್ಲಿ ವಿಷಯವನ್ನು ಹೇಳತೊಡಗಿದುದು ಈ ನಡುವಣ ಕಾಲದ ಒಂದು ಒಳ್ಳೆಯ ಸಂಗತಿ.

ಇನ್ನು ಹೇಳಬೇಕಾದ ಭಾಗ ಕಷ್ಟದ್ದು. 1985ರಲ್ಲಿ ಕಾರ್ಮಿಕರ ವಿವಾದದಿಂದ ಕಾರ್ಖಾನೆ ಮುಚ್ಚಿತು, 1988ರವರೆಗೆ ತೆರೆಯಲಿಲ್ಲ. ಆ ಮೂರು ವರ್ಷಗಳಲ್ಲಿ ಹೊಳೆ ತಿಳಿಯಾಯಿತು, ಮನೆಗಳಲ್ಲಿ ಕತ್ತಲೆ ಕವಿಯಿತು. ಮಾವೂರಿನ ಅಂಗಡಿ ಸಾಲುಗಳು ಬಾಗಿಲು ಹಾಕಿದವು. ಕೆಲಸವಿಲ್ಲದೆ ಬದುಕು ಬೇಡವಾಗಿ ಪ್ರಾಣ ಕಳೆದುಕೊಂಡ ಕಾರ್ಮಿಕರೂ ಇದ್ದರು. ಕಾರ್ಖಾನೆ ತೆರೆಯಬೇಕೆಂದು ಎ. ವಾಸು ಎಂಬ ಕಾರ್ಮಿಕ ನಾಯಕರು ಉಪವಾಸ ಕುಳಿತರು. ಅವರ ಕಾರ್ಮಿಕ ಸಂಘದ ಹೆಸರೇ ಅವರ ಹೆಸರಿಗೆ ಸೇರಿಕೊಂಡು ನಾಡಿನಲ್ಲೆಲ್ಲ ಅವರು ಗ್ರೋ ವಾಸು ಎಂದೇ ಪ್ರಸಿದ್ಧರಾದರು. ಕಾರ್ಖಾನೆ ಮತ್ತೆ ತೆರೆದ ದಿನ ಮಾವೂರಿನ ದಂಡೆಯಲ್ಲಿ ಹಬ್ಬ, ಎದುರು ದಂಡೆಯಲ್ಲಿ ಭಯ. ಬಡವರ ಎದುರು ಬಡವರು ನಿಂತರು. ಒಬ್ಬರ ಅನ್ನ ಇನ್ನೊಬ್ಬರ ನೀರಿಗೆ ವಿರೋಧವಾಗುವಂತೆ ಮಾಡಿದವರು ಮಾತ್ರ ಎರಡು ದಂಡೆಗಳಲ್ಲಿಯೂ ಇರಲಿಲ್ಲ. ಕೊಳೆನೀರನ್ನು ಶುದ್ಧಿ ಮಾಡುವ ವೆಚ್ಚವನ್ನು ಪ್ರಾರಂಭದಲ್ಲಿಯೇ ಕಾರ್ಖಾನೆಯ ಖರ್ಚಿನ ಪಟ್ಟಿಗೆ ಸೇರಿಸಿದ್ದರೆ ಈ ಜಗಳಕ್ಕೆ ಎಡೆಯೇ ಇರುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಟನ್ನಿಗೆ 1 ರೂಪಾಯಿಯ ಬಿದಿರು ಕೊಂಡವರಿಗೆ ಆ ಖರ್ಚು ಭಾರವಾಗುತ್ತಿತ್ತೆಂದು ಹೇಳುವುದು ಕಷ್ಟ.

1990ರ ದಶಕದಲ್ಲಿ ಚಳವಳಿ ಬೇರೆಯೊಂದು ರೂಪ ತಾಳಿತು. ಅದರ ಮುಂದಾಳು ಕೆ.ಎ. ರಹಮಾನ್, ವಾಳಕ್ಕಾಡು ಪಂಚಾಯತಿಯ ಅಧ್ಯಕ್ಷರಾಗಿದ್ದವರು, ಹೊಳೆಗಾಗಿ ದಶಕಗಳ ಕಾಲ ದುಡಿದವರು. ಸತ್ತ ಮೀನನ್ನು ತೋರಿಸಿ ದೂರು ಹೇಳಿದಾಗ ಅಧಿಕಾರಿಗಳು ಬಂದು ನೋಡಿ ಹೋಗುತ್ತಿದ್ದರು. ಊರಿನಲ್ಲಿ ಅರ್ಬುದ ರೋಗದಿಂದ ಸಾಯುವವರು ಹೆಚ್ಚುತ್ತಿದ್ದಾರೆಂಬ ಆತಂಕ ಹಬ್ಬಿದಾಗ ಮನೆಮನೆಯ ಸಾವುಗಳನ್ನು ವಿಚಾರಿಸಿ, ಎಣಿಸಿ, ಬರೆದಿಡುವ ಕೆಲಸ ನಡೆಯಿತು. ರೋಗಕ್ಕೆ ತನ್ನ ಕೊಳೆನೀರು, ಹೊಗೆಗಳೇ ಕಾರಣವೆಂಬುದನ್ನು ಕಂಪನಿ ಒಪ್ಪಲಿಲ್ಲ. ಒಂದೊಂದು ಸಾವಿಗೂ ಒಂದೊಂದು ಕಾರಣವನ್ನು ಬೆರಳಿಟ್ಟು ತೋರಿಸುವುದು ವೈದ್ಯರಿಗೂ ಸುಲಭವಲ್ಲವೆಂಬುದು ನಿಜವೇ. ಆದರೆ ಎಣಿಕೆಯ ಪುಸ್ತಕವೊಂದು ಇದ್ದುದರಿಂದ, ಅದುವರೆಗೆ ಗೊಣಗಾಟವೆನಿಸಿದ್ದುದು ಪ್ರಶ್ನೆಯಾಯಿತು. ಗೊಣಗಾಟಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ರಹಮಾನರನ್ನೂ ಅದೇ ರೋಗ ಹಿಡಿಯಿತು. ತಾವು ಎಣಿಸಿದ ಪಟ್ಟಿಗೇ ತಮ್ಮ ಹೆಸರನ್ನೂ ಸೇರಿಸಿದಂತೆ 1999ರ ಜನವರಿ 11ರಂದು ಅವರು ಅರ್ಬುದದಿಂದ ತೀರಿಕೊಂಡರು. ಅವರ ಮರಣದಿಂದ ಕೆರಳಿದ ಜನರು ಮತ್ತೆ ಸತ್ಯಾಗ್ರಹ ಹೂಡಿದರು. ಅದೇ ವರ್ಷ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು; 2001ರಲ್ಲಿ ಅದು ಶಾಶ್ವತವಾಗಿ ಮುಚ್ಚಲ್ಪಟ್ಟಿತು. ಸಾವಿರಾರು ಕಾರ್ಮಿಕರು ಕೈಗೆ ಬಂದ ಪರಿಹಾರವನ್ನು ತೆಗೆದುಕೊಂಡು ಚದುರಿದರು. ಯಂತ್ರಗಳನ್ನು ಕಳಚಿ ಒಯ್ದರು. ಇನ್ನೂರಕ್ಕೂ ಹೆಚ್ಚು ಎಕರೆ ನೆಲದ ಮೇಲೆ ಕಾಡುಗಿಡ ಬೆಳೆಯಿತು. ಹೊಳೆಯಲ್ಲಿ ಮೀನು ಮರಳಿತು.

ಇದು ಜಯವೆಂದು ಹೇಳುವವರಿದ್ದಾರೆ. ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಕಾರ್ಖಾನೆ ನಿಂತದ್ದು ಯಾವ ನ್ಯಾಯಾಲಯದ ತೀರ್ಪಿನಿಂದಲೂ ಅಲ್ಲ. ಜನರ ಚಳವಳಿ, ಕಚ್ಚಾ ಮಾಲಿನ ಅಭಾವ, ಕಂಪನಿಯ ಲಾಭನಷ್ಟದ ಎಣಿಕೆ, ಇವೆಲ್ಲ ಕೂಡಿ ಅದು ನಿಂತಿತು. ಕಂಪನಿ ಹೊರಟುಹೋಯಿತು, ಹೊಣೆ ಹೊರಲಿಲ್ಲ. ಹೊರಟುಹೋಗುವುದಕ್ಕೂ ಹೊಣೆ ಹೊರುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಸಾಲಗಾರ ಊರು ಬಿಟ್ಟರೆ ಸಾಲ ತೀರಿತೆಂದು ಯಾವ ಊರಿನಲ್ಲಿ ಹೇಳುತ್ತಾರೆ?

ಕನ್ನಡನಾಡಿಗೂ ಈ ಕಥೆಗೂ ನೇರವಾದ ಸಂಬಂಧವುಂಟು. ಅದೇ ಉದ್ಯಮ ಬಳಗಕ್ಕೆ ಸೇರಿದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ತುಂಗಭದ್ರೆಯ ದಂಡೆಯಲ್ಲಿ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ನೆಲೆಯೂರಿತು. ಮಾವೂರಿನಲ್ಲಿ ಬಿದಿರಾದರೆ ಅಲ್ಲಿ ನೀಲಗಿರಿ ಮರ. ಮಾವೂರಿನಲ್ಲಿ ವಾಳಕ್ಕಾಡಾದರೆ ಅಲ್ಲಿ ನದಿಯ ಕೆಳಗಣ ಹಳ್ಳಿಗಳು. ಮೀನು ಸತ್ತು ತೇಲಿದುದನ್ನು ಕಂಡು ಅಲ್ಲಿಯ ಬೆಸ್ತರೂ ರೈತರೂ ದನಿಯೆತ್ತಿದರು. 1984ರಲ್ಲಿ ಎಸ್.ಆರ್. ಹಿರೇಮಠ ಮತ್ತು ಅವರ ಸಂಗಡಿಗರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗರೊಡನೆ ನಿಂತು, ನೀರಿನ ಮಾದರಿ ತೆಗೆದು, ವರದಿ ಬರೆದು, ನ್ಯಾಯಾಲಯದ ಬಾಗಿಲು ತಟ್ಟಿತು. ಅದೇ ವರ್ಷ ಸರಕಾರವೂ ಕಂಪನಿಯೂ ಪಾಲುಗೂಡಿ, ಹಳ್ಳಿಗಳ ಗೋಮಾಳ, ಬೆಟ್ಟ ಮೊದಲಾದ ಸುಮಾರು 30,000 ಹೆಕ್ಟೇರು ನೆಲದಲ್ಲಿ ನೀಲಗಿರಿ ಬೆಳೆಸಲು ಬೇರೊಂದು ಕಂಪನಿಯನ್ನು ಸ್ಥಾಪಿಸಿದವು. ಇದನ್ನು ಪ್ರಶ್ನಿಸಿ ಡಾ. ಶಿವರಾಮ ಕಾರಂತರೇ ಮೊದಲಾದವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1987ರ ನವಂಬರ್ 14ರಂದು ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವೆಂದು ಅದು ಹೆಸರಾಯಿತು. 1991ರಲ್ಲಿ ಆ ಪಾಲುಗಾರಿಕೆಯ ಕಂಪನಿಯನ್ನು ಮುಚ್ಚಬೇಕಾಯಿತು. ಎರಡು ನಾಡುಗಳಲ್ಲಿ, ಎರಡು ನುಡಿಗಳಲ್ಲಿ, ಒಂದೇ ಬಗೆಯ ಕಾರ್ಖಾನೆಯ ಮುಂದೆ ಜನರು ಹೊಣೆ ಹೊರಿಸುವ ಒಂದೇ ಪಾಠವನ್ನು ಕಲಿತರು: ಕಂಡುದನ್ನು ಬರೆದಿಡುವುದು, ಬರೆದುದನ್ನು ಎಲ್ಲರೆದುರು ಓದುವುದು, ಉತ್ತರ ಬರುವತನಕ ಕದಲದೆ ನಿಲ್ಲುವುದು.

ಕಾನೂನು ಕೂಡ ನಿಧಾನವಾಗಿಯಾದರೂ ಈ ಕಡೆಗೇ ನಡೆಯಿತು. ತಮಿಳುನಾಡಿನ ಪಾಲಾರು ನದಿಯನ್ನು ಕೆಡಿಸಿದ ತೊಗಲು ಹದಮಾಡುವ ಕಾರ್ಖಾನೆಗಳ ಮೇಲೆ ವೆಲ್ಲೂರಿನ ನಾಗರಿಕರು ಹೂಡಿದ ವ್ಯಾಜ್ಯದಲ್ಲಿ, 1996ರ ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯ ಒಂದು ತತ್ತ್ವವನ್ನು ಸ್ಥಿರಪಡಿಸಿತು. ಕೆಡಿಸಿದವನೇ ತೆರಬೇಕು, ಪೀಡಿತರಿಗೆ ಪರಿಹಾರವನ್ನೂ, ಕೆಟ್ಟ ನೆಲಜಲಗಳನ್ನು ಮೊದಲಿನಂತೆ ಮಾಡುವ ವೆಚ್ಚವನ್ನೂ ಅವನೇ ಕೊಡಬೇಕು. 2010ರ ಕಾಯಿದೆಯಂತೆ ಇಂತಹ ದೂರುಗಳನ್ನು ಕೇಳಲೆಂದೇ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಏರ್ಪಟ್ಟಿದೆ. 1963ರಲ್ಲಿ ವಾಳಕ್ಕಾಡಿನವರಿಗೆ ಇದಾವುದೂ ಇರಲಿಲ್ಲ. ನಮಗೆ ಇದೆ. ಆದುದರಿಂದ ನಮ್ಮ ಮೌನಕ್ಕೆ ಅವರಿಗಿಂತ ಕಡಿಮೆ ಕ್ಷಮೆಯಿದೆ.

ಇನ್ನು ನಮ್ಮ ಎರಡನೆಯ ಉದ್ದೇಶ. ನಮ್ಮ ಶಾಲೆಯ ಹಿಂದೆ ಒಂದು ತೋಡು ಹರಿಯುತ್ತದೆ. ಅದು ಚಾಲಿಯಾರಿಗೆ ಇಳಿಯುವ ನೀರು. ಅದರ ಮೇಲ್ಗಡೆ ವಸತಿಗೃಹವೊಂದು ಕೆಲವು ವರ್ಷಗಳಿಂದ ನಡೆಯುತ್ತಿದೆ. ರಜೆಯ ದಿನಗಳಲ್ಲಿ ಜನ ತುಂಬಿದಾಗ ತೋಡಿನ ನೀರು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಸೋಮವಾರ ಬೆಳಿಗ್ಗೆ ತರಗತಿಯ ಕಿಟಕಿ ತೆರೆಯಲಾಗುವುದಿಲ್ಲ. ಆ ವಸತಿಗೃಹದ ಯಜಮಾನರು ಪರರಲ್ಲ. ಅವರು ನಮ್ಮವರು, ನಮ್ಮ ನುಡಿಯವರು. ನಮ್ಮ ಸಂಘದ ವಾರ್ಷಿಕೋತ್ಸವದ ಊಟದ ವೆಚ್ಚವನ್ನು ಎರಡು ಸಲ ವಹಿಸಿದವರು. ಊರಿನ ಹತ್ತಿಪ್ಪತ್ತು ಮಂದಿಗೆ ಕೆಲಸ ಕೊಟ್ಟವರು. ಕಳೆದ ಸಭೆಯಲ್ಲಿ ಈ ವಿಷಯ ಬಂದಾಗ ಮುಂದಿನ ಸಭೆಗೆ ಇಡೋಣವೆಂದು ತೀರ್ಮಾನವಾಯಿತು. ಹಾಗೆ ತೀರ್ಮಾನಿಸಿದವರಲ್ಲಿ ನಾವೂ ಇದ್ದೆವು. ಆ ರಾತ್ರಿ ನಮಗೆ ಮಾವೂರು ನೆನಪಾಯಿತು. ಅಲ್ಲಿಯೂ ಪ್ರಾರಂಭದಲ್ಲಿ ಹೀಗೆಯೇ ಇದ್ದಿರಬೇಕು: ಕೆಲಸ ಕೊಟ್ಟವರು, ಉಪಕಾರಿಗಳು, ಆಮೇಲೆ ನೋಡೋಣ. ಆಮೇಲೆ ನೋಡಲು ಅವರಿಗೆ ಮೂವತ್ತಾರು ವರ್ಷ ಹಿಡಿಯಿತು.

ವಸತಿಗೃಹವನ್ನು ಮುಚ್ಚಬೇಕೆಂಬುದು ನಮ್ಮ ಮಾತಲ್ಲ. ಮಾವೂರಿನ ಕತ್ತಲೆಯ ಮೂರು ವರ್ಷಗಳನ್ನು ಓದಿದವರು ಹಾಗೆ ಸುಲಭವಾಗಿ ಹೇಳಲಾರರು. ಅಲ್ಲಿ ಕೆಲಸ ಮಾಡುವವರ ಮಕ್ಕಳೂ ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದಾರೆ. ಕೊಳೆನೀರನ್ನು ಶುದ್ಧಿ ಮಾಡುವ ಖರ್ಚು ಆ ವ್ಯಾಪಾರದ ಖರ್ಚೇ ಆಗಬೇಕು, ತೋಡಿನ ಕೆಳಗಿರುವವರ ಖರ್ಚಾಗಕೂಡದು. ನಾವು ಕೇಳುವುದು ಇಷ್ಟೇ. ಮೊದಲು ಯಜಮಾನರ ಮನೆಗೆ ಹೋಗಿ ಗೌರವದಿಂದ ಹೇಳೋಣ. ಕೇಳದಿದ್ದರೆ ಪಂಚಾಯತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆಯೋಣ. ಕಳೆದ ತಿಂಗಳಿಂದ ನಾವೊಂದು ನೋಟುಪುಸ್ತಕವನ್ನು ಇಟ್ಟಿದ್ದೇವೆ. ದಿನಾಂಕ, ನೀರಿನ ಬಣ್ಣ, ವಾಸನೆ, ನೊರೆ, ಸತ್ತ ಮೀನು ಏಡಿ ಕಂಡರೆ ಅವುಗಳ ಎಣಿಕೆ, ಇಷ್ಟನ್ನು ಅದರಲ್ಲಿ ಬರೆಯುತ್ತಿದ್ದೇವೆ. ಅದು ಮುಂದಿನ ಸಭೆಯ ಮೇಜಿನ ಮೇಲೆ ಇರುತ್ತದೆ.

ಅಳುಕಿದ ಮನಸ್ಸಿಗೆ ಈ ಲೇಖನ ಬರೆಯುವ ಧೈರ್ಯ ಕೊಟ್ಟ ಇನ್ನೊಂದು ನೆನಪನ್ನು ಹೇಳಿ ಮುಗಿಸುತ್ತೇವೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನರು ಮಡಿದುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ. ಅನೇಕರ ಶರೀರಗಳನ್ನು ಹೊಳೆ ಕಣಿವೆಯ ಕೆಳಕ್ಕೆ ಒಯ್ದಿತ್ತು. ನಿಲಂಬೂರು, ಪೋತುಕಲ್ಲುಗಳ ಜನರು ಚಾಲಿಯಾರಿನ ದಂಡೆಯುದ್ದಕ್ಕೂ ದಿನಗಟ್ಟಲೆ ಹುಡುಕಿ, ಅವನ್ನು ನೀರಿನಿಂದ ಎತ್ತಿ, ಬಟ್ಟೆ ಹೊದಿಸಿ ನಮ್ಮ ಬೆಟ್ಟಕ್ಕೆ ಹಿಂದಿರುಗಿಸಿದರು. ಇವರು ಯಾರ ಮಕ್ಕಳು, ಯಾವ ನುಡಿಯವರು ಎಂದು ಅವರು ಕೇಳಲಿಲ್ಲ. ನಾವು ಯಾರದೋ ಊರಿಗೆ ಹೋಗುವ ಹೊಳೆಯೆಂದು ಬಗೆದಿದ್ದ ಹೊಳೆಯ ದಂಡೆಯಲ್ಲಿ ನಮ್ಮವರನ್ನು ಕಾದವರು ಅವರು. ಆ ಹೊಳೆಗೆ ನಮ್ಮ ಬೆಟ್ಟದಿಂದ ಇಳಿಯುವ ನೀರು ಹೇಗಿರಬೇಕೆಂಬುದನ್ನು ಮುಂದಿನ ಸಭೆಯಲ್ಲಿ ಸದಸ್ಯರೆಲ್ಲರೂ ಕುಳಿತು ನಿರ್ಣಯಿಸಬೇಕೆಂದು ಕೋರುತ್ತೇವೆ.